ವೈಫೈ ಹೆಸರನ್ನು ನಂಬಬಹುದೇ?

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ ಒಂದೂವರೆ ಕಿಲೋಮೀಟರ್ ಉದ್ದ. ನಮ್ಮ ಬೋಗಿ ಎಲ್ಲಿ ನಿಲ್ಲುತ್ತದೋ ಎಂದು ನಡೆದು ನಡೆದು ಸುಸ್ತಾಗಿ ಬೆಂಚಿನ ಮೇಲೆ ಕೂರುತ್ತೇವೆ. ಕೈ ತಾನಾಗಿ ಮೊಬೈಲಿಗೆ ಹೋಗುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ರೈಲ್ವೆಯದೇ ಕಂಪನಿಯಾದ ರೈಲ್‌ಟೆಲ್‌ನವರ ವೈಫೈ ಇದೆ. ಫೋನ್ ನಂಬರ್ ಕೊಟ್ಟು, ಬಂದ ಓಟಿಪಿ ಹಾಕಿದರೆ ಸ್ವಲ್ಪ ಹೊತ್ತು ಬಿಟ್ಟಿ ಇಂಟರ್ನೆಟ್.

ತುಂಬಿದ ಬಸ್ಸಿನಲ್ಲಿ ಹಿಂದೆ ನಿಂತವರು ಟಿಕೆಟ್ ದುಡ್ಡನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಬೀಗವಿಲ್ಲದ, ಅಂದರೆ ಪಾಸ್‌ವರ್ಡ್ ಇಲ್ಲದ ವೈಫೈ ಹೆಚ್ಚುಕಡಿಮೆ ಹಾಗೆ. ನಡುವೆ ಇರುವವರಿಗೆಲ್ಲ ನೋಟು ಕಾಣುತ್ತದೆ. 2010ರಲ್ಲಿ ಅಮೆರಿಕದ ಎರಿಕ್ ಬಟ್ಲರ್ ಎಂಬ ಪ್ರೋಗ್ರಾಮರ್ 'ಫೈರ್‌ಶೀಪ್' ಎಂಬ ಸಣ್ಣ ತಂತ್ರಾಂಶ ಹೊರತಂದ. ಕಾಫಿ ಅಂಗಡಿಯಲ್ಲಿ ಕೂತು ಒಂದೆರಡು ಸಲ ಒತ್ತಿದರೆ ಸಾಕು, ಪಕ್ಕದ ಮೇಜಿನವರ ಫೇಸ್‌ಬುಕ್ ಖಾತೆಯೊಳಗೆ ಹೋಗಬಹುದಿತ್ತು. ಪಾಸ್‌ವರ್ಡ್ ಕೂಡ ಬೇಕಿರಲಿಲ್ಲ. ದೊಡ್ಡ ಕಂಪನಿಗಳ ಅಸಡ್ಡೆಯನ್ನು ಬಯಲು ಮಾಡಲಿಕ್ಕೇ ಹಾಗೆ ಮಾಡಿದ್ದ.

ಈಗ ಕಾಲ ಬದಲಾಗಿದೆ. ಹೆಚ್ಚಿನ ಜಾಲತಾಣಗಳು ಎಚ್‌ಟಿಟಿಪಿಎಸ್ ಬಳಸುತ್ತವೆ. ಅಂದರೆ ನಾವು ಕಳಿಸುವ ಮಾಹಿತಿ ಗುಟ್ಟುಲಿಪಿಯಲ್ಲಿ ಹೋಗುತ್ತದೆ, ದುಡ್ಡನ್ನು ಲಕೋಟೆಯೊಳಗೆ ಇಟ್ಟು ದಾಟಿಸಿದ ಹಾಗೆ. ಹಾಗಾಗಿ 'ವೈಫೈ ಮುಟ್ಟಿದರೆ ಬ್ಯಾಂಕ್ ಖಾತೆ ಖಾಲಿ' ಎಂಬ ಮಾತು ನನಗೆ ಸ್ವಲ್ಪ ಜಾಸ್ತಿಯೇ ಅನ್ನಿಸುತ್ತದೆ.

ಆದರೆ ದುಡ್ಡು ಇಸಿದುಕೊಂಡವನು ಕಂಡಕ್ಟರೇ ಅಲ್ಲದಿದ್ದರೆ?

ನನಗೇ ಆದದ್ದು ಹೇಳುತ್ತೇನೆ. ಒಂದು ಲಾಡ್ಜಿನಲ್ಲಿ ಉಳಿದಿದ್ದೆ. ಫೋನಿನಲ್ಲಿ ಲಾಡ್ಜಿನ ಹೆಸರಿನ ಎರಡು ವೈಫೈ ಕಂಡವು. ಒಂದರ ಬಾಲಕ್ಕೆ 'ಫ್ರೀ' ಅಂತ ಇತ್ತು. ಬಿಟ್ಟಿ ಅಂದಮೇಲೆ ಬಿಡುವುದುಂಟೇ, ಅದನ್ನೇ ಒತ್ತಿದೆ. ಒಂದು ಪುಟ ತೆರೆದು ಇಮೇಲ್ ವಿಳಾಸ ಕೇಳಿತು, ಕೊಟ್ಟೆ. ಆಮೇಲೆ ಇಮೇಲಿನ ಪಾಸ್‌ವರ್ಡ್ ಕೇಳಿತು. ಆಗ ಎಚ್ಚರವಾಯಿತು. ಕೆಳಗಿಳಿದು ಕೌಂಟರಿನಲ್ಲಿ ಕೇಳಿದರೆ, "ಅದು ನಮ್ದಲ್ಲ ಸಾರ್" ಅಂದರು.

ವೈಫೈಗೆ ಯಾರು ಯಾವ ಹೆಸರನ್ನಾದರೂ ಇಡಬಹುದು. ನನ್ನ ಫೋನಿನ ಹಾಟ್‌ಸ್ಪಾಟಿಗೆ ನಾನೀಗಲೇ ನಿಲ್ದಾಣದ ಹೆಸರು ಇಟ್ಟರೆ ತಡೆಯುವವರಿಲ್ಲ. ಆದ್ದರಿಂದ ಸರಿಯಾದ ಹೆಸರು ಯಾವುದೆಂದು ಅಲ್ಲಿನವರನ್ನೇ ಕೇಳಿ. ಓಟಿಪಿ ಬಂದಾಗ ಅಂಕಿ ಮಾತ್ರ ನೋಡಬೇಡಿ, ಮೆಸೇಜು ಪೂರ್ತಿ ಓದಿ. ವೈಫೈಗೆಂದು ಕೇಳಿದ ಓಟಿಪಿ ನಿಮ್ಮ ಬ್ಯಾಂಕಿನಿಂದ ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ. ಬ್ಯಾಂಕಿನ ಪುಟ ತೆರೆಯುವಾಗ 'ಸಂಪರ್ಕ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಬಂದರೂ ಅಷ್ಟೇ, ರೈಲಿಗೆ ಹೊತ್ತಾಯಿತೆಂದು ಮುಂದೆ ಒತ್ತಬೇಡಿ. ದುಡ್ಡಿನ ವ್ಯವಹಾರಕ್ಕೆ ನಾನಂತೂ ವೈಫೈ ಆಫ್ ಮಾಡಿ ಮೊಬೈಲ್ ಡೇಟಾ ಹಾಕಿಕೊಳ್ಳುತ್ತೇನೆ. ನಮ್ಮ ಮಾಹಿತಿಯನ್ನು ಮುಚ್ಚಿ ತನ್ನ ಮೂಲಕ ಸಾಗಿಸುವ ಬಿಟ್ಟಿ ವಿಪಿಎನ್ ಆ್ಯಪ್ ಇದೆಯಲ್ಲ ಎನ್ನುತ್ತೀರಾ? ಗುರುತಿಲ್ಲದ ಇನ್ನೊಬ್ಬ ಕಂಡಕ್ಟರಿನ ಕೈಗೆ ದುಡ್ಡು ಕೊಟ್ಟ ಹಾಗೆ, ಅಷ್ಟೇ.

ದುಡ್ಡು ಹೋಗೇ ಹೋಯಿತು ಅಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಜಾಸ್ತಿ.

ಇನ್ನೊಂದು. ಒಮ್ಮೆ ಸೇರಿದ ವೈಫೈ ಹೆಸರನ್ನು ಫೋನು ಮರೆಯುವುದಿಲ್ಲ. ಪಾಸ್‌ವರ್ಡ್ ಇಲ್ಲದ ವೈಫೈ ಆದರೆ, ಅದೇ ಹೆಸರು ಇನ್ನೆಲ್ಲೋ ಕಂಡರೂ ನಿಮ್ಮನ್ನು ಕೇಳದೆ ತಾನೇ ಹೋಗಿ ಸೇರಿಬಿಡಬಹುದು. ಮೊನ್ನೆ ಸೆಟ್ಟಿಂಗ್ಸ್ ತೆರೆದು ನನ್ನ ಪಟ್ಟಿ ನೋಡಿದೆ. ಯಾವುದೋ ಕಾಲದ ಮದುವೆಯ ಛತ್ರ, ಮುಚ್ಚಿಹೋದ ಒಂದು ಹೋಟೆಲು, ಜೊತೆಗೆ ಆ ಲಾಡ್ಜಿನ 'ಫ್ರೀ' ಕೂಡ ಅಲ್ಲೇ ಕೂತಿತ್ತು. ಒಂದೊಂದಾಗಿ ಅಳಿಸಿದೆ.

ನಮಸ್ಕಾರ.