ಎಲ್ಲರಿಗೂ ಗೊತ್ತಿದ್ದ ಗುಟ್ಟು

ಕೇಳುಗರಿಗೆ ನಮಸ್ಕಾರ. ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು ಈಗಷ್ಟೇ ಕೂತಿದ್ದೀರಿ ಅಂದುಕೊಳ್ಳುತ್ತೇನೆ. ಮುಂದೆ ಅವರೆಕಾಯಿ ರಾಶಿ ಇದ್ದರೆ ಬಿಡಿಸುತ್ತಲೇ ಕೇಳಿ.

ನಮ್ಮ ಲೇಖಕಿಯರ ಕತೆ, ಕಾದಂಬರಿಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನನ್ನ ಹತ್ತಿರ ಹೇಳೋಕೆ ಇರುವುದು ಒಂದೇ ಮಾತು. ಈ ಕತೆಗಳಲ್ಲಿ ಬರುವ ಮನೆಯ ಗುಟ್ಟು ಇದೆಯಲ್ಲ, ಅದು ಮನೆಯವರಿಗೆಲ್ಲ ಗೊತ್ತಿರುತ್ತೆ. ಬಾಯಿ ಬಿಟ್ಟು ಆಡುವವರು ಇರುವುದಿಲ್ಲ, ಅಷ್ಟೇ.

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ತಗೊಳ್ಳಿ. 1976ರಲ್ಲಿ ಬಂದ ಕಾದಂಬರಿ. ಎಳೆ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ನೂರು ವರ್ಷ ದಾಟಿ ಬದುಕಿದ ಮಲೆನಾಡಿನ ಹೆಂಗಸಿನ ಕತೆ. ಇಂದಿರಾ ಅವರು ತಮ್ಮದೇ ಬಳಗದ ಹಿರಿಯಳೊಬ್ಬಳ ಬದುಕನ್ನು ತಾಯಿಯ ಬಾಯಲ್ಲಿ ಕೇಳಿ ಬರೆದದ್ದು.

ನಾನು ಕಾಲೇಜಿನಲ್ಲಿದ್ದಾಗ ಬೇಸಿಗೆ ರಜೆಗೆ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಹಲಸಿನ ಹಪ್ಪಳ ಮಾಡುವ ಕಾಲ. ಹಿತ್ತಿಲ ಕಡೆ ಜಗಲಿಯಲ್ಲಿ ನಾಲ್ಕು ಜನ ಕೂತಿದ್ದರು. ಒಬ್ಬರು ಉಂಡೆ ಕಟ್ಟುವುದು, ಇಬ್ಬರು ಮಣೆ ಮೇಲೆ ಒತ್ತುವುದು, ಒಬ್ಬರು ಚಾಪೆಗೆ ಹಾಕುವುದು. ‘ನಿಂಗೆ ಹಪ್ಪಳ ಒತ್ತೋಕೆ ಬರಲ್ಲ, ಏನಾದ್ರೂ ಓದು’ ಅಂದರು ದೊಡ್ಡಮ್ಮ. ನನ್ನ ಚೀಲದಲ್ಲಿ ಲೈಬ್ರರಿಯಿಂದ ತಂದ ‘ಫಣಿಯಮ್ಮ’ ಇತ್ತು. ದಿನಾ ಮಧ್ಯಾಹ್ನ ಗಟ್ಟಿಯಾಗಿ ಓದುತ್ತಿದ್ದೆ.

ಆ ಹುಡುಗಿಯ ಕೂದಲು ತೆಗೆಸುವ ಭಾಗ ಬಂತು. ದೊಡ್ಡಮ್ಮನ ಕೈ ನಿಂತಿತು. ಅಂಗೈ ಹಪ್ಪಳದ ಮೇಲೇ ಇತ್ತು, ಒತ್ತಲಿಲ್ಲ. ‘ನಮ್ಮ ಸೋದರತ್ತೆಗೂ ಹೀಗೇ ಮಾಡ್ಸೋಕೆ ಹೊರಟಿದ್ರು. ಹಿಂದಿನ ರಾತ್ರಿನೇ ಮನೆ ಬಿಟ್ಟು ಹೋದ್ಲು’ ಅಂದರು.

ನಾನು ಬೆಚ್ಚಿಬಿದ್ದೆ. ಆ ಅಜ್ಜಿ ಕಾಶಿಗೆ ಹೋಗಿ ಅಲ್ಲೇ ತೀರಿಕೊಂಡರು ಅಂತಲೇ ಚಿಕ್ಕಂದಿನಿಂದ ಕೇಳಿದ್ದೆ. ಕಾಶಿಯೂ ಇಲ್ಲ, ಏನೂ ಇಲ್ಲ. ಹುಬ್ಬಳ್ಳಿಯಲ್ಲಿ ಮೇಷ್ಟರೊಬ್ಬರನ್ನು ಮದುವೆಯಾಗಿ, ಎರಡು ಮಕ್ಕಳಾಗಿ, ಚೆನ್ನಾಗೇ ಇದ್ದರಂತೆ. ಒಂದು ಕಾಗದವೂ ಬಂದಿತ್ತಂತೆ. ಅದನ್ನು ಒಲೆಗೆ ಹಾಕಿದ್ದರಂತೆ.

ಆಮೇಲೆ ನಾನು ಉಳಿದ ಮೂವರ ಮುಖ ನೋಡಿದೆ. ಒಬ್ಬರಿಗೂ ಆಶ್ಚರ್ಯವಾಗಿರಲಿಲ್ಲ! ಉಂಡೆ ಕಟ್ಟುತ್ತಿದ್ದ ಚಿಕ್ಕಮ್ಮ ತಲೆ ಎತ್ತದೆ, ‘ಎರಡಲ್ಲ, ಮೂರು ಮಕ್ಕಳು’ ಅಂತ ತಿದ್ದಿದರು. ಎಲ್ಲರಿಗೂ ಗೊತ್ತಿತ್ತು. ಒಬ್ಬರ ಹತ್ತಿರ ಒಬ್ಬರು ಅಷ್ಟು ವರ್ಷ ಆಡಿರಲಿಲ್ಲ. ದೊಡ್ಡಮ್ಮ ಒತ್ತದೆ ಬಿಟ್ಟ ಹಪ್ಪಳ ಮಣೆ ಮೇಲೇ ಒಣಗಿ ಬಿರುಕು ಬಿಟ್ಟಿತ್ತು. ನನಗೆ ಇವತ್ತಿಗೂ ಅದು ಕಣ್ಣ ಮುಂದೆ ಇದೆ.

ಹೆಂಗಸರು ಬರೆದದ್ದನ್ನು ಕೆಲವರು ‘ಅಡುಗೆಮನೆ ಸಾಹಿತ್ಯ’ ಅಂತ ತಳ್ಳಿಹಾಕುತ್ತಾರೆ. ಈಗ ಹೇಳಿ, ಇಂಥದ್ದನ್ನು ಹಾಗೆ ಕರೆಯೋದು ಸರಿಯಾ? ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಅಡುಗೆಮನೆಯಲ್ಲಿ ನಡೆಯುವುದು ಸಣ್ಣ ವಿಷಯ ಅಂತ ಯಾರು ಹೇಳಿದರು? ದಯವಿಟ್ಟು ಓದಿ ಆಮೇಲೆ ಮಾತಾಡಿ.

ತ್ರಿವೇಣಿಯವರ ‘ಶರಪಂಜರ’ದಲ್ಲೂ ಇದೇ. ಬಾಣಂತನದಲ್ಲಿ ಮನಸ್ಸು ಕೆಟ್ಟ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಅವಳಿಗೆ ಏನಾಗಿತ್ತು ಅಂತ ಎಲ್ಲರಿಗೂ ಗೊತ್ತು. ಅವಳೆದುರು ಯಾರೂ ಆಡಲ್ಲ, ಬೆನ್ನ ಹಿಂದೆ ಪಿಸುಗುಟ್ಟುತ್ತಾರೆ. ಆ ಪಿಸುಮಾತೇ ಅವಳನ್ನು ಮತ್ತೆ ಕೆಡವುತ್ತೆ. 1963ರಲ್ಲೇ ತ್ರಿವೇಣಿ ತೀರಿಕೊಂಡರು, ಇನ್ನೂ ಮೂವತ್ತೈದು ತುಂಬಿರಲಿಲ್ಲ.

ಇನ್ನು ಹಾಸನದ ಬಾನು ಮುಷ್ತಾಕ್. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತಲ್ಲ, ಅವರೇ. ಅದು ಬಂದದ್ದು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ 12 ಕತೆಗಳ ಪುಸ್ತಕಕ್ಕೆ. ಅದರಲ್ಲೊಂದು ‘ಎದೆಯ ಹಣತೆ’. ಗಂಡ ಬೇರೆಯವಳ ಹಿಂದೆ ಹೋದ ಅಂತ ಮೆಹರುನ್ ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ತವರಿಗೆ ಗೊತ್ತಿಲ್ವಾ? ಗೊತ್ತು. ಆದರೂ ಅಣ್ಣತಮ್ಮಂದಿರು ವಾಪಸ್ ಗಂಡನ ಮನೆಗೇ ಬಿಟ್ಟು ಬರುತ್ತಾರೆ. ಮುಂದೇನಾಗುತ್ತೆ ಅಂತ ನಾನು ಹೇಳಲ್ಲ. ಅವಳ ದೊಡ್ಡ ಮಗಳು ಸಲ್ಮಾಳನ್ನು ನೀವೇ ಓದಿ ನೋಡಬೇಕು.

ಗಾಜಿನ ಆಚೆಯಿಂದ ಸಮಯ ಆಯ್ತು ಅಂತ ಕೈ ಮಾಡುತ್ತಿದ್ದಾರೆ. ವೈದೇಹಿಯವರ ಬಗ್ಗೆ, ಸಾರಾ ಅಬೂಬಕ್ಕರ್ ಬಗ್ಗೆ ಹೇಳಬೇಕಿತ್ತು, ಆಗಲೇ ಇಲ್ಲ. ಸಂಜೆ ಲೈಬ್ರರಿ ಕಡೆ ಹೋದರೆ ಒಂದು ‘ಫಣಿಯಮ್ಮ’ ತನ್ನಿ. ಮನೆಯಲ್ಲಿ ಅತ್ತೆನೋ ಅಜ್ಜಿನೋ ಇದ್ದರೆ ಅವರ ಪಕ್ಕ ಕೂತು ಗಟ್ಟಿಯಾಗಿ ಓದಿ. ಅವರ ಕೈ ಎಲ್ಲಿ ನಿಲ್ಲುತ್ತೆ ನೋಡಿ. ನಮಸ್ಕಾರ.