ಕಲ್ಲಿದ್ದಲು ಹುಡುಕಿದಲ್ಲಿ ಡೈನೋಸಾರ್: ಡ್ರಮ್‌ಹೆಲರ್‌ನಲ್ಲಿ ಒಂದು ದಿನ

ನಮಸ್ಕಾರ. ಇವತ್ತು ಕೆನಡಾದ ಆಲ್ಬರ್ಟಾದಲ್ಲಿರುವ ಡ್ರಮ್‌ಹೆಲರ್‌ಗೆ ಹೊರಟಿದ್ದೇವೆ. ಕ್ಯಾಲ್ಗರಿಯಿಂದ ಕಾರಲ್ಲಿ ಒಂದೂವರೆ ಗಂಟೆ ದಾರಿ. ಗದಗದಿಂದ ಬಂದಿರುವ ಅಪ್ಪನೂ ಜೊತೆಗಿದ್ದಾರೆ. ಎರಡೂ ಕಡೆ ಬರೀ ಗೋಧಿ, ಕ್ಯಾನೋಲಾ ಹೊಲ. ಕಣ್ಣು ಹಾಯಿಸಿದಷ್ಟು ದೂರ ಒಂದು ಗುಡ್ಡವೂ ಇಲ್ಲ. ಯಾಕೆಂದರೆ ಇಲ್ಲಿ ಗುಡ್ಡಗಳಿರುವುದು ನೆಲಕ್ಕಿಂತ ಕೆಳಗೆ.

ನೋಡಿ, ಇದು ಹಾರ್ಸ್‌ಶೂ ಕ್ಯಾನ್ಯನ್. ಸಪಾಟು ಹೊಲ ಥಟ್ಟನೆ ಮುಗಿದು ನೆಲ ಕುಸಿದುಬಿಟ್ಟಿದೆ. ಗುಡ್ಡಗಳ ಮೈತುಂಬಾ ಬೂದು, ಕಂದು ಪಟ್ಟೆಗಳು. ನಡುನಡುವೆ ಕಪ್ಪು ಪಟ್ಟೆ ಕಾಣುತ್ತಿದೆ ಅಲ್ವಾ? ಅದು ಕಲ್ಲಿದ್ದಲು. ನನಗೆ ಈ ಊರಲ್ಲಿ ಎಲ್ಲಕ್ಕಿಂತ ಇಷ್ಟವಾಗಿದ್ದು ಆ ಕಪ್ಪು ಪಟ್ಟೆಯೇ.

ಸುಮಾರು 7 ಕೋಟಿ ವರ್ಷಗಳ ಹಿಂದೆ ಇದು ಒಳನಾಡಿನ ಒಂದು ಸಮುದ್ರದ ದಡ. ಬೆಚ್ಚಗಿನ ಹವೆ, ಎಲ್ಲೆಲ್ಲೂ ಜೌಗು, ದಟ್ಟ ಗಿಡಮರ. ಅದನ್ನು ಮೇಯುತ್ತಾ ಎಡ್ಮಂಟೊಸಾರಸ್‌ನಂಥ ಡೈನೋಸಾರ್‌ಗಳು ಓಡಾಡುತ್ತಿದ್ದವು. ಸತ್ತ ಗಿಡಗಳು ಜೌಗಿನಲ್ಲಿ ಹೂತು ಕಲ್ಲಿದ್ದಲಾದವು. ನದಿಯ ಮರಳು, ಕೆಸರಿನಡಿ ಸಿಕ್ಕಿದ ಮೂಳೆಗಳು ಕಲ್ಲಾದವು. ಕೊನೆಯ ಹಿಮಯುಗ ಮುಗಿಯುವಾಗ ಕರಗಿದ ನೀರು ನುಗ್ಗಿ ಈ ಕಣಿವೆ ಕೊರೆಯಿತು. ಮಳೆ, ಗಾಳಿ ಈಗಲೂ ಕೊರೆಯುತ್ತಲೇ ಇವೆ.

ಕೆಳಗಿಳಿದ ಮೇಲೆ ಅಪ್ಪ ಬಗ್ಗಿ ಮಣ್ಣು ಮುಟ್ಟಿದರು. ಜೋಳದ ಅರಳಿನ ಹಾಗೆ ಉಬ್ಬಿ, ಒಣಗಿ, ಬಿರುಕು ಬಿಟ್ಟಿತ್ತು. ಒತ್ತಿದರೆ ಪುಡಿಪುಡಿ. "ಇದು ನಮ್ಮ ಎರಿ ಮಣ್ಣ ಇದ್ದಂಗ ಐತಲ್ಲವಾ, ಮಳಿ ಬಂದ್ರ ಕಾಲು ಕಿತ್ತಿಡಾಕ ಬಿಡಂಗಿಲ್ಲ ನೋಡು" ಅಂದರು. ನಿಜವೇ. ಇದು ಜ್ವಾಲಾಮುಖಿಯ ಬೂದಿಯಿಂದಾದ ಬೆಂಟೊನೈಟ್ ಜೇಡಿ. ನೀರು ಕುಡಿದು ಉಬ್ಬುವ ಅದೇ ಜಾತಿಯ ಜೇಡಿ ನಮ್ಮ ಎರೆ ಭೂಮಿಯಲ್ಲೂ ಇದೆ. ಮಳೆ ಬಂದ ದಿನ ಮಾತ್ರ ಇಲ್ಲಿ ಇಳಿಯಬೇಡಿ, ಸಿಕ್ಕಾಪಟ್ಟೆ ಜಾರುತ್ತದೆ.

ಊರೊಳಗೆ 26 ಮೀಟರ್ ಎತ್ತರದ ಟಿ. ರೆಕ್ಸ್ ಡೈನೋಸಾರ್ ಪ್ರತಿಮೆ ಇದೆ. 106 ಮೆಟ್ಟಿಲು ಹತ್ತಿ ಅದರ ಬಾಯಲ್ಲಿ ನಿಲ್ಲಬಹುದು. ಮಕ್ಕಳಿಗೆ ಖುಷಿ. ಆದರೆ ಅಷ್ಟಕ್ಕೇ ವಾಪಸ್ ಹೋಗಬೇಡಿ.

ಇದು ರಾಯಲ್ ಟಿರೆಲ್ ಮ್ಯೂಸಿಯಂ. 1884ರಲ್ಲಿ ಜೋಸೆಫ್ ಟಿರೆಲ್ ಅನ್ನುವ 25ರ ಹರೆಯದ ಭೂವಿಜ್ಞಾನಿ ಈ ಕಣಿವೆಗೆ ಬಂದ. ಹುಡುಕುತ್ತಿದ್ದದ್ದು ಕಲ್ಲಿದ್ದಲು. ಸಿಕ್ಕಿದ್ದು ಮಾಂಸಾಹಾರಿ ಡೈನೋಸಾರ್‌ನ ತಲೆಬುರುಡೆ! ಅದಕ್ಕೆ 1905ರಲ್ಲಿ ಆಲ್ಬರ್ಟೊಸಾರಸ್ ಅಂತ ಹೆಸರಿಟ್ಟರು.

ಒಳಗೆ ನಾನು ಜಾಸ್ತಿ ಹೊತ್ತು ನಿಂತದ್ದು ಬೊರಿಯಾಲೊಪೆಲ್ಟಾ ಅನ್ನುವ ಡೈನೋಸಾರ್ ಮುಂದೆ. 11 ಕೋಟಿ ವರ್ಷ ಹಳೆಯದು. ಆಲ್ಬರ್ಟಾದ ಉತ್ತರದಲ್ಲಿರುವ ಫೋರ್ಟ್ ಮೆಕ್‌ಮರಿ ಹತ್ತಿರದ ಗಣಿಯಲ್ಲಿ 2011ರಲ್ಲಿ ಸಿಕ್ಕಿತು. ಬರೀ ಮೂಳೆಯಲ್ಲ, ಚರ್ಮವೇ ಉಳಿದಿದೆ. ಕತ್ತಿನ ಮೇಲೆ ಸಾಲಾಗಿ ಗಟ್ಟಿ ಫಲಕಗಳು, ಭುಜದಲ್ಲಿ ಉದ್ದನೆಯ ಮುಳ್ಳು. ಸುಮ್ನೆ ಮಲಗಿದೆ ಅನ್ನಿಸುತ್ತದೆ. ಮಾರ್ಕ್ ಮಿಚೆಲ್ ಅನ್ನುವವರು ಸುಮಾರು 7,000 ಗಂಟೆ ಕೂತು ಸುತ್ತಲಿನ ಕಲ್ಲನ್ನು ಬಿಡಿಸಿದರು. ಅದರ ಪೂರ್ತಿ ವೈಜ್ಞಾನಿಕ ಹೆಸರಲ್ಲಿ ಅವರ ಹೆಸರೂ ಸೇರಿದೆ. ಅಂಥ ತಾಳ್ಮೆಗೆ ಎಷ್ಟು ಗೌರವ ಕೊಟ್ಟರೂ ಕಡಿಮೆಯೇ.

ಮಧ್ಯಾಹ್ನ ಹತ್ತನೇ ಹೆದ್ದಾರಿ ಹಿಡಿದು ಹೂಡೂ ಕಂಬಗಳನ್ನು ನೋಡಿದೆವು. ಮೆತ್ತನೆ ಮರಳುಗಲ್ಲಿನ ಕಂಬ, ತಲೆಯ ಮೇಲೆ ಗಟ್ಟಿ ಚಪ್ಪಡಿ. ಆ ಚಪ್ಪಡಿ ಬಿದ್ದರೆ ಕಂಬವೂ ಬೇಗ ಸವೆದುಹೋಗುತ್ತದೆ. ದಯವಿಟ್ಟು ಹತ್ತಬೇಡಿ.

ಕೊನೆಗೆ ಈಸ್ಟ್ ಕೂಲೀಯ ಅಟ್ಲಾಸ್ ಗಣಿ. ಕಲ್ಲಿದ್ದಲನ್ನು ಗಾತ್ರ ನೋಡಿ ಬೇರೆ ಮಾಡಿ ರೈಲಿಗೆ ತುಂಬುತ್ತಿದ್ದ ಮರದ ಕಟ್ಟಡ ಇದು. ಕೆನಡಾದಲ್ಲಿ ಇಂಥದ್ದು ಉಳಿದಿರುವುದು ಇದೊಂದೇ. ಒಟ್ಟಾರೆ ಈ ಕಣಿವೆಯಲ್ಲಿ ನೂರಕ್ಕೂ ಹೆಚ್ಚು ಗಣಿಗಳು ಬಂದುಹೋಗಿವೆ. 1947ರಲ್ಲಿ ಆಲ್ಬರ್ಟಾದ ಲೆಡ್ಯೂಕ್‌ನಲ್ಲಿ ನೆಲದಡಿ ಎಣ್ಣೆ ಸಿಕ್ಕಿತು, ಮನೆಮನೆಗೆ ಗ್ಯಾಸ್ ಬಂತು, ಗಣಿಗಳು ಒಂದೊಂದಾಗಿ ಮುಚ್ಚಿದವು. ಅಟ್ಲಾಸ್ 1979ರವರೆಗೆ ತಡೆದುಕೊಂಡಿತು. ಡೈನೋಸಾರ್ ನೋಡಲು ಬರುವವರು ಈ ಗಣಿಗೂ ಒಂದು ಗಂಟೆ ಕೊಡಲೇಬೇಕು ಅನ್ನುವುದು ನನ್ನ ಮಾತು.

ಮುಂದಿನ ಸಲ ಬ್ರೂಕ್ಸ್ ಹತ್ತಿರದ ಡೈನೋಸಾರ್ ಪ್ರೊವಿನ್ಷಿಯಲ್ ಪಾರ್ಕ್‌ಗೆ ಹೋಗುತ್ತೇವೆ. ಅಲ್ಲಿ ಬಹಳಷ್ಟು ಜಾಗಕ್ಕೆ ಗೈಡ್ ಜೊತೆಗೇ ಹೋಗಬೇಕು. ನೀವೂ ಹೋಗುವುದಾದರೆ ಮೊದಲೇ ಬುಕ್ ಮಾಡಿಕೊಳ್ಳಿ.