ಒಂದು ನೆವಿರಾಪಿನ್ ಮಾತ್ರೆ ಮತ್ತು ಅದರ ಸುತ್ತ ಎದ್ದ ಗದ್ದಲ

ಎಲ್ಲರಿಗೂ ನಮಸ್ಕಾರ. ಎಚ್‌ಐವಿ ಔಷಧಗಳ ಬಗ್ಗೆ ನರ್ಸಿಂಗ್ ಮಕ್ಕಳಿಗೆ ಏನಾದ್ರೂ ಹೇಳಿ ಮೇಡಂ ಅಂತ ಕರೆದಿದ್ದಾರೆ. ಔಷಧಗಳ ಪಟ್ಟಿ ನಿಮ್ಮ ಪುಸ್ತಕದಲ್ಲೇ ಇದೆ, ನಾನು ಒಂದೇ ಒಂದು ಔಷಧದ ಕಥೆ ಹೇಳ್ತೀನಿ. ನೆವಿರಾಪಿನ್. ನಾನು ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಪಿಪಿಟಿಸಿಟಿ ಕೌನ್ಸೆಲರ್ ಆಗಿದ್ದಾಗ, ಅಂದ್ರೆ ತಾಯಿಯಿಂದ ಮಗುವಿಗೆ ಎಚ್‌ಐವಿ ಹೋಗದ ಹಾಗೆ ನೋಡ್ಕೊಳ್ಳೋ ಸೆಂಟರ್‌ನಲ್ಲಿ, ನಮ್ಮ ಕೈಯಲ್ಲಿದ್ದ ಔಷಧ ಇದೊಂದೇ.

ತಾಯಿಗೆ ನೋವು ಶುರುವಾದಾಗ 200 ಮಿಲಿಗ್ರಾಂದು ಒಂದು ಮಾತ್ರೆ. ಮಗು ಹುಟ್ಟಿ 72 ಗಂಟೆ ಒಳಗೆ ಅದಕ್ಕೆ ಕೆಜಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಸಿರಪ್. ಎರಡೂವರೆ ಕೆಜಿ ಮಗು ಅಂದ್ರೆ 5 ಮಿಲಿಗ್ರಾಂ, ಸಿರಪ್‌ನಲ್ಲಿ ಬರೀ ಅರ್ಧ ಎಂಎಲ್. ಸೂಜಿ ತೆಗೆದ ಸಿರಿಂಜ್‌ನಲ್ಲಿ ಎಳ್ಕೊಂಡು ಮಗುವಿನ ಕೆನ್ನೆ ಒಳಗಡೆ ನಿಧಾನಕ್ಕೆ ಬಿಡಬೇಕು, ಅದು ತುಟಿ ಚಪ್ಪರಿಸಿ ನುಂಗೋವರೆಗೂ ಕಾಯಬೇಕು, ಉಗುಳಿಬಿಟ್ರೆ ಏನು ಮಾಡೋದು ಅನ್ನೋ ಭಯ ಬೇರೆ. ಅಷ್ಟೇ, ಚಿಕಿತ್ಸೆ ಮುಗೀತು.

ಇದು ಕೆಲಸ ಮಾಡುತ್ತೆ ಅಂತ ತೋರಿಸಿದ್ದು ಉಗಾಂಡಾದ ಕಂಪಾಲಾದಲ್ಲಿ, ಮುಲಾಗೋ ಆಸ್ಪತ್ರೆಯಲ್ಲಿ. ಎಚ್‌ಐವಿನೆಟ್ 012 ಅನ್ನೋ ಟ್ರಯಲ್, 1997ರಲ್ಲಿ ಶುರುವಾಗಿ 1999ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆರುನೂರಕ್ಕೂ ಹೆಚ್ಚು ತಾಯಂದಿರಿದ್ರು. ಎಜೆಡ್‌ಟಿ ಅನ್ನೋ ಇನ್ನೊಂದು ಎಚ್‌ಐವಿ ಔಷಧ ಸ್ವಲ್ಪ ದಿನ ಕೊಟ್ಟವರ ಮಕ್ಕಳಲ್ಲಿ 14ರಿಂದ 16 ವಾರಕ್ಕೆ 25.1% ಸೋಂಕು, ನೆವಿರಾಪಿನ್ ಕೊಟ್ಟ ಕಡೆ 13.1%, ಹೆಚ್ಚುಕಮ್ಮಿ ಅರ್ಧಕ್ಕರ್ಧ. ಖರ್ಚು ಸುಮಾರು 4 ಡಾಲರ್. ಬಡ ದೇಶಗಳ ಹೆರಿಗೆ ವಾರ್ಡ್‌ಗಳಿಗೆ ಇದು ಎಷ್ಟು ದೊಡ್ಡ ಸುದ್ದಿ ಅಂತ ಯೋಚನೆ ಮಾಡಿ. ಕಂಪನಿ ಬೋರಿಂಗರ್ ಇಂಗೆಲ್‌ಹೈಮ್ 2000ದಲ್ಲಿ, ಬಡ ದೇಶಗಳಿಗೆ ಈ ಕೆಲಸಕ್ಕೆ ಐದು ವರ್ಷ ಪುಕ್ಕಟೆ ಕೊಡ್ತೀವಿ ಅಂತ ಹೇಳ್ತು.

ಆದ್ರೆ ಪುಕ್ಕಟೆ ಕೊಟ್ರೂ ಸೌತ್ ಆಫ್ರಿಕಾ ಸರ್ಕಾರ ಎಲ್ಲಾ ಕಡೆ ಕೊಡೋಕೆ ಒಪ್ಪಲಿಲ್ಲ. ಆಗ ಅಲ್ಲಿ ವರ್ಷಕ್ಕೆ ಸುಮಾರು 70,000 ಮಕ್ಕಳಿಗೆ ತಾಯಿಯಿಂದ ಸೋಂಕು ಆಗ್ತಿತ್ತು. ಅಧ್ಯಕ್ಷ ಥಾಬೋ ಎಂಬೆಕಿಗೆ ಎಚ್‌ಐವಿಯಿಂದಲೇ ಏಡ್ಸ್ ಬರುತ್ತೆ ಅನ್ನೋದರ ಮೇಲೇ ಅನುಮಾನ, ಆರೋಗ್ಯ ಮಂತ್ರಿ ಮಾಂಟೊ ಶಬಲಾಲಾ ಎಂಸಿಮಾಂಗ್ ಔಷಧ ವಿಷ ಅನ್ನೋ ಧಾಟಿಯಲ್ಲೇ ಮಾತಾಡ್ತಿದ್ರು. ಪ್ರಾಂತ್ಯಕ್ಕೆ ಎರಡೇ ಪೈಲಟ್ ಸೆಂಟರ್, ಬೇರೆ ಸರ್ಕಾರಿ ಆಸ್ಪತ್ರೆ ಡಾಕ್ಟ್ರು ಕೊಡಬೇಕು ಅಂದ್ರೂ ಕೊಡೋ ಹಾಗಿಲ್ಲ. ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್ ಅನ್ನೋ ಸಂಘಟನೆ 2001ರ ಆಗಸ್ಟ್‌ನಲ್ಲಿ ಕೋರ್ಟಿಗೆ ಹೋಯ್ತು. ಅದರ ಮುಖಂಡ ಝ್ಯಾಕಿ ಅಖ್ಮತ್‌ಗೆ ಸ್ವತಃ ಎಚ್‌ಐವಿ, ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಔಷಧ ಸಿಗೋವರೆಗೂ ನಾನೂ ತಗೊಳ್ಳಲ್ಲ ಅಂತ ಕೂತುಬಿಟ್ಟಿದ್ದ ಮನುಷ್ಯ. ಸುರಕ್ಷತೆ ಪೂರ್ತಿ ಸಾಬೀತಾಗಿಲ್ಲ ಅನ್ನೋದು ಸರ್ಕಾರದ ವಾದಗಳಲ್ಲಿ ಒಂದು, ಆದ್ರೆ ಅದೇ ದೇಶದ ಔಷಧ ನಿಯಂತ್ರಣ ಮಂಡಳಿ ಅದಕ್ಕೆ ಒಪ್ಪಿಗೆ ಕೊಟ್ಟಾಗಿತ್ತು. 2002ರ ಜುಲೈ 5ಕ್ಕೆ ಸಂವಿಧಾನ ಕೋರ್ಟ್ ತೀರ್ಪು ಕೊಡ್ತು, ನಿರ್ಬಂಧ ತೆಗೀರಿ, ತಡ ಮಾಡಬೇಡಿ ಅಂತ. ಔಷಧದ ಕೇಸು ಅಂದ್ರೆ ಔಷಧದಿಂದ ತೊಂದರೆಯಾಯ್ತು ಅಂತ ಹಾಕೋದು ಅಂತಷ್ಟೇ ನಾವು ಅಂದ್ಕೊಂಡಿರ್ತೀವಿ. ಇಲ್ಲಿ ಕೊಡದೇ ಇದ್ದದ್ದಕ್ಕೆ ಕೇಸು.

ಈಗ ಇನ್ನೊಂದು ಕಡೆ ಏನಾಯ್ತು ಕೇಳಿ. ಅದೇ 2002ರ ಆರಂಭದಲ್ಲಿ, ಅಮೆರಿಕದಲ್ಲಿ ಈ ಬಳಕೆಗೆ ಲೈಸೆನ್ಸ್ ಕೇಳೋಕೆ ಅಂತ ಕಂಪಾಲಾದ ಕಡತ ತೆಗೆದು ನೋಡಿದಾಗ ದಾಖಲೆ ಸರಿ ಇರಲಿಲ್ಲ. ಕೆಲವು ಕಾಗದ ಇಲ್ಲ, ಅಡ್ಡ ಪರಿಣಾಮಗಳನ್ನ ಅಮೆರಿಕದ ನಿಯಮದ ಪ್ರಕಾರ ಬರೆದಿಲ್ಲ. ಕಂಪನಿ ಅರ್ಜಿ ವಾಪಸ್ ತಗೊಳ್ತು. ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ತಾಯಿ ಮಗು ಸೋಂಕು ತಡೆಯೋಕೆ 500 ಮಿಲಿಯನ್ ಡಾಲರ್ ಯೋಜನೆ ಘೋಷಿಸಿದ್ರು. ಒಳಗಿನ ಈ ವಿಷಯ ಅವರಿಗೆ ತಿಳಿಸಿರಲಿಲ್ಲ ಅಂತ 2004ರ ಡಿಸೆಂಬರ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಅನ್ನೋ ಸುದ್ದಿಸಂಸ್ಥೆ ಸುದ್ದಿ ಮಾಡ್ತು. ಮಾಹಿತಿ ಕೊಟ್ಟವರು ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಏಡ್ಸ್ ವಿಭಾಗದಲ್ಲೇ ಕೆಲಸ ಮಾಡ್ತಿದ್ದ ಡಾ. ಜೊನಾಥನ್ ಫಿಶ್‌ಬೈನ್. ಅವರು ಸುಳ್ಳು ಹೇಳಲಿಲ್ಲ ಅನ್ನೋದು ನನ್ನ ಅಭಿಪ್ರಾಯ, ದಾಖಲೆ ಕೆಟ್ಟದಾಗಿದ್ದದ್ದು ನಿಜಾನೇ. ಆಫ್ರಿಕಾದ ಹೆಂಗಸರ ಮೇಲೆ ಮಾಡೋ ಟ್ರಯಲ್‌ಗೆ ಕಾಗದ ಸಡಿಲ ಇದ್ರೂ ಆಗುತ್ತೆ ಅನ್ನೋ ಮನೋಭಾವ ಯಾರಿಗಾದ್ರೂ ಇದ್ದಿದ್ರೆ ಅದನ್ನ ಹೊರಗೆ ಎಳೀಲೇಬೇಕು.

ಅದೇ ಸುದ್ದಿ ಸಾಲಿನಲ್ಲಿ ಇನ್ನೊಂದು ವಿಷಯ ಬಂತು. ಅಮೆರಿಕದ ಮೆಂಫಿಸ್‌ನಲ್ಲಿ 2003ರಲ್ಲಿ ಗರ್ಭಿಣಿಯೊಬ್ಬರು ಬೇರೊಂದು ಟ್ರಯಲ್‌ನಲ್ಲಿ ನೆವಿರಾಪಿನ್ ಇದ್ದ ಔಷಧಗಳನ್ನ ದಿನಾ ತಗೊಳ್ತಾ ಇದ್ದು ಲಿವರ್ ಕೆಟ್ಟು ತೀರಿಕೊಂಡಿದ್ರು. ಔಷಧವೇ ಕಾರಣ ಇರಬಹುದು ಅಂತ ನಮಗೆ ಯಾರೂ ಹೇಳಲೇ ಇಲ್ಲ ಅಂದ್ರು ಮನೆಯವರು, ಕೋರ್ಟಿಗೂ ಹೋದ್ರು. ಅವರ ದುಃಖ, ಸಿಟ್ಟು ಎರಡೂ ನ್ಯಾಯವಾದದ್ದೇ. ಆ ಮನೆಯವರ ಮಾತನ್ನ ಜನರ ಮುಂದೆ ಇಟ್ಟಿದ್ದಕ್ಕೆ ಪತ್ರಿಕೆಗೆ ಥ್ಯಾಂಕ್ಸ್ ಹೇಳಬೇಕು.

ಆದ್ರೆ ಎರಡು ಸುದ್ದಿ ಒಂದರ ಪಕ್ಕ ಒಂದು ಬಂದಾಗ ಓದುಗರ ತಲೆಯಲ್ಲಿ ಅವು ಒಂದೇ ಆಗಿಬಿಟ್ವು. ದಿನಾ ತಗೊಳ್ಳೋ ನೆವಿರಾಪಿನ್‌ನಿಂದ ಲಿವರ್‌ಗೆ ಅಪಾಯ ಇದೆ, ಅದೂ ಸಿಡಿ4, ಅಂದ್ರೆ ರಕ್ತದಲ್ಲಿರೋ ರೋಗನಿರೋಧಕ ಕಣಗಳ ಲೆಕ್ಕ, 250ಕ್ಕಿಂತ ಜಾಸ್ತಿ ಇರೋ ಹೆಂಗಸರಲ್ಲಿ ತುಂಬಾನೇ ಜಾಸ್ತಿ. ಹೆರಿಗೆ ಹೊತ್ತಲ್ಲಿ ಒಂದು ಸಲ ನುಂಗೋದೇ ಬೇರೆ. 2005ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನ ಬಿಡಿಸಿ ಹೇಳ್ತು, ಒಂದೇ ಡೋಸ್‌ನಿಂದ ಅಂಥ ಗಂಭೀರ ಲಿವರ್ ತೊಂದರೆ ವರದಿಯಾಗಿಲ್ಲ ಅಂತ. ಏಪ್ರಿಲ್‌ನಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಅನ್ನೋ ತಜ್ಞರ ಸಂಸ್ಥೆಯ ಸಮಿತಿ ಕಂಪಾಲಾದ ಟ್ರಯಲ್‌ನ ಮತ್ತೆ ಪರಿಶೀಲಿಸಿ, ದಾಖಲೆಯಲ್ಲಿ ಕೊರತೆ ಇದ್ರೂ ಫಲಿತಾಂಶ ನಂಬಬಹುದು ಅಂತ ಹೇಳ್ತು. ಅಷ್ಟರಲ್ಲಿ ಸೌತ್ ಆಫ್ರಿಕಾದ ಆಳುವ ಪಕ್ಷ, ಆಫ್ರಿಕಾದವರನ್ನ ಪ್ರಯೋಗದ ಇಲಿ ಮಾಡ್ಕೊಂಡ್ರು ಅಂತ ತನ್ನ ಪತ್ರಿಕೆಯಲ್ಲಿ ಬರೆದೂ ಆಗಿತ್ತು. ಗಾಬರಿ ಹುಟ್ಟಿಸೋ ಸುದ್ದಿ ಡಿಸೆಂಬರ್‌ನಲ್ಲಿ ಮೊದಲ ಪುಟಕ್ಕೆ ಬಂದ್ರೆ ಅದಕ್ಕೆ ಉತ್ತರ ಏಪ್ರಿಲ್‌ನಲ್ಲಿ ಒಳಪುಟಕ್ಕೆ ಬರುತ್ತೆ, ಅಷ್ಟರಲ್ಲಿ ಎಷ್ಟು ಹೆರಿಗೆ ಆಗಿರುತ್ತೆ ಲೆಕ್ಕ ಹಾಕಿ.

ನನ್ನ ಸೆಂಟರಿಗೂ ಆ ಗಾಳಿ ಬಂತು. ಎಂಟು ತಿಂಗಳ ಬಸುರಿ ಒಬ್ಬಳು ಕೇಳಿದ್ಲು, "ಅಕ್ಕ, ಈ ಗುಳಿಗೆ ನುಂಗಿದ್ರೆ ಲಿವರ್ ಹೋಗುತ್ತಂತಲ್ಲ, ನಮ್ಮನೆಯವ್ರು ಪೇಪರಲ್ಲಿ ಓದಿದ್ರು." ಒಂದು ಸಲಕ್ಕೆ ಹಾಗಾಗಲ್ಲಮ್ಮ, ದಿನಾ ತಗೊಳ್ಳೋರ ವಿಷಯ ಅದು ಅಂತ ಬಿಡಿಸಿ ಹೇಳಿದೆ, ಒಪ್ಕೊಂಡ್ಲು. ಅವಳು ಕೇಳದೇ ಇದ್ದ ಇನ್ನೊಂದು ಅಪಾಯ ಇತ್ತು, ಅದನ್ನ ನಾನು ಹೇಳಲಿಲ್ಲ. ಹೇಳಿದ್ರೆ ಹೆದರಿ ಮಾತ್ರೆ ಬಿಟ್ಟುಬಿಡ್ತಾಳೆ ಅಂತ. ಅದು ನನ್ನ ತಪ್ಪು.

ಆ ಅಪಾಯ ರೆಸಿಸ್ಟೆನ್ಸ್, ಅಂದ್ರೆ ವೈರಸ್ಸು ಔಷಧಕ್ಕೆ ಜಗ್ಗದೇ ಇರೋದು. ನೆವಿರಾಪಿನ್ ಮೈಯಿಂದ ಬೇಗ ಹೋಗಲ್ಲ, ಒಂದು ಮಾತ್ರೆ ನುಂಗಿದ್ರೆ ಎರಡು ಮೂರು ವಾರ ರಕ್ತದಲ್ಲಿ ಸ್ವಲ್ಪಸ್ವಲ್ಪ ಇರುತ್ತೆ. ಒಂದೇ ಮಾತ್ರೆ ಹೆರಿಗೆ ಹೊತ್ತಲ್ಲಿ ಮಗುವನ್ನ ಕಾಯೋದು ಅದರಿಂದಲೇ. ಆದ್ರೆ ಆ ಎರಡು ಮೂರು ವಾರ ತಾಯಿಯ ವೈರಸ್ಸಿಗೆ ಎದುರಿಗಿರೋದು ಒಂಟಿ ಔಷಧ, ಅದೂ ದಿನದಿಂದ ದಿನಕ್ಕೆ ಕಮ್ಮಿಯಾಗ್ತಾ ಇರೋದು, ಅಷ್ಟರಲ್ಲಿ ವೈರಸ್ಸು ಅದಕ್ಕೆ ಬಗ್ಗದಿರೋದನ್ನ ಕಲಿತುಬಿಡುತ್ತೆ. ಕಂಪಾಲಾದ ತಾಯಂದಿರಲ್ಲೇ ಐದರಲ್ಲಿ ಒಬ್ಬರಿಗೆ, ಆಮೇಲಿನ ಲೆಕ್ಕದಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಇದು ಕಂಡಿತ್ತು. ಮುಂದೆ ತಾಯಿಗೇ ಚಿಕಿತ್ಸೆ ಬೇಕಾದಾಗ ಅದೇ ಔಷಧ ಕೈಕೊಡಬಹುದು. ಹೆರಿಗೆಯಾಗಿ ಆರು ತಿಂಗಳು ಕಳೆದ ಮೇಲೆ ಶುರು ಮಾಡಿದವರಿಗೆ ಅಷ್ಟು ತೊಂದರೆ ಆಗಲ್ಲ ಅಂತ ಬೋಟ್ಸ್ವಾನಾದ ಅಧ್ಯಯನ ಹೇಳಿದ್ದು 2007ರಲ್ಲಿ.

ಸುರಕ್ಷತೆಯ ನಿಜವಾದ ಪ್ರಶ್ನೆ ಇದಾಗಿತ್ತು. ಮಗು ಉಳೀತು, ತಾಯಿಗೆ ಏನು? ವಿಷ ಅಂತ ಒಬ್ಬರು, ವಿಷ ಅಲ್ಲ ಅಂತ ಇನ್ನೊಬ್ಬರು ಕೂಗೋ ಗದ್ದಲದಲ್ಲಿ ಈ ಪ್ರಶ್ನೆ ಕೇಳಿಸಲೇ ಇಲ್ಲ. ಕೊನೆಗೆ ಒಂಟಿ ಮಾತ್ರೆ ಬಿಟ್ಟು ತಾಯಿಗೇ ಮೂರು ಔಷಧ ಕೊಡೋ ಪದ್ಧತಿ ಬಂತು. ನಮ್ಮ ದೇಶದಲ್ಲಿ ಮೊದಲು ಶುರುವಾಗಿದ್ದು ದಕ್ಷಿಣದ ರಾಜ್ಯಗಳಲ್ಲಿ, ಕರ್ನಾಟಕವೂ ಸೇರಿ, 2012ರ ಸೆಪ್ಟೆಂಬರ್‌ನಿಂದ. ನೆವಿರಾಪಿನ್ ಸಿರಪ್ ಮಾತ್ರ ಮಗುವಿಗೆ ಅಂತ ಉಳ್ಕೊಳ್ತು, ಅದೂ ದಿನಾ, ಆರು ವಾರ.

ಆ ಹುಡುಗಿಗೆ ಹೆಣ್ಣುಮಗು ಆಯ್ತು. ಹದಿನೆಂಟು ತಿಂಗಳಿಗೆ ಕರ್ಕೊಂಡು ಬಂದ್ಲು, ರ‍್ಯಾಪಿಡ್ ಟೆಸ್ಟ್‌ನಲ್ಲಿ ಒಂದೇ ಗೆರೆ ಬಂತು, ನೆಗೆಟಿವ್. ಕಿಟ್ ಅವಳ ಮುಂದೆ ಇಟ್ಟೆ. ತುಂಬಾ ಹೊತ್ತು ಅದನ್ನೇ ನೋಡಿದ್ಲು, ಮಗು ಕೈಚಾಚಿ ಎಳೆಯೋಕೆ ಬಂದ್ರೆ ತಡೆದ್ಲು. ಆಮೇಲೆ ಕೇಳಿದ್ಲು, "ನಂಗೆ ಯಾವಾಗ ಅಕ್ಕ ಮಾತ್ರೆ?" ಸಿಡಿ4 ಒಂದು ಮಿತಿಗಿಂತ ಕೆಳಗೆ ಬಂದ್ರೆ ಮಾತ್ರ ಆಗ ಚಿಕಿತ್ಸೆ ಶುರು ಮಾಡ್ತಿದ್ರು, ಅವಳದು ಆ ಮಿತಿಗಿಂತ ಮೇಲಿತ್ತು. ಇನ್ನೂ ಕಾಯಬೇಕಮ್ಮ ಅಂದೆ.